ಶಿಕಾಗೊಗೆ ಹೊದ್ದುಕೊಂಡು ಹೋದ ಕೌದಿ

ರಿಸೆಷನ್ನಿನ ಆ ಚಳಿಗಾಲದಲ್ಲಿ ನನ್ನ ಗಂಡನ ಕೆಲಸ ಹೋಯಿತು. ಡೆಟ್ರಾಯ್ಟ್ ಹತ್ತಿರದ ಆಬರ್ನ್ ಹಿಲ್ಸಿನಲ್ಲಿ ಕಾರಿನ ಹೀಟರ್‌ಗಳನ್ನು ಡಿಸೈನ್ ಮಾಡುತ್ತಿದ್ದವರು ಈಗ ಕ್ಯಾಂಟನ್ನಿನ ನಮ್ಮ ಅಡುಗೆಮನೆಯಲ್ಲಿ ನಿಂತು, ನಾನು ಡಬ್ಬಿ ಜೋಡಿಸುವ ಕ್ರಮವನ್ನು ತಿದ್ದತೊಡಗಿದರು. ತಪ್ಪಿಸಿಕೊಳ್ಳಲು ನಾನು ಡೆಟ್ರಾಯ್ಟಿನ ಒಂದು ಚರ್ಚಿನ ನೆಲಮಾಳಿಗೆಗೆ, ಕೌದಿ ಹೊಲಿಯುವ ಹೆಂಗಸರ ಕೂಟಕ್ಕೆ ಸೇರಿಕೊಂಡೆ.

ಅಲ್ಲಿದ್ದವರೆಲ್ಲ ಆಫ್ರಿಕನ್ ಅಮೆರಿಕನ್ನರು. ಹಿರಿಯಾಕೆ ಎಂಬತ್ತರ ಹತ್ತಿರದ ನಿವೃತ್ತ ಟೀಚರ್. ಶಿಕಾಗೊದ ಒಂದು ಪ್ರದರ್ಶನಕ್ಕೆಂದು ತಮ್ಮ ಅಜ್ಜಿ ಮುತ್ತಜ್ಜಿಯರ ನೆನಪಿನಲ್ಲಿ ಎಲ್ಲರೂ ಸೇರಿ ದೊಡ್ಡ ಕೌದಿ ಹೊಲಿಯುತ್ತಿದ್ದರು. ನಡುವೆ ನೀಲಿ ಬಟ್ಟೆ, ಅದು ಅವರ ಹಿರಿಯರನ್ನು ಆಫ್ರಿಕಾದಿಂದ ಹೊತ್ತು ತಂದ ಸಮುದ್ರ. ಅಂಚಿಗೆ ಕವಡೆ. ಪಟ್ಟಿಗಳೆಲ್ಲ ಬೇಕೆಂದೇ ಸೊಟ್ಟ.

"ದುಷ್ಟಶಕ್ತಿ ನೇರ ಗೆರೇಲೇ ನಡೆಯೋದು ಅಂತಿದ್ರು ನಮ್ಮಜ್ಜಿ. ಇಲ್ಲಿ ಬಂದ್ರೆ ದಾರಿ ತಪ್ಪಿ ಒದ್ದಾಡ್ಲಿ ಬಿಡು" ಎಂದು ಹಿರಿಯಾಕೆ ಇಂಗ್ಲಿಷಿನಲ್ಲಿ ಹೇಳಿ ಕಣ್ಣು ಮಿಟುಕಿಸಿದರು.

ನಾನು ಹಳಿಯಾಳದವಳು. ನಮ್ಮ ಕಡೆ ಸಿದ್ದಿ ಹೆಂಗಸರೂ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರೆ, ಅವರ ಪೂರ್ವಿಕರೂ ಆಫ್ರಿಕಾದಿಂದ ಬಂದವರು, ನಾಲ್ಕು ಮೂಲೆಗೆ ಚಿಕ್ಕ ತ್ರಿಕೋನಗಳನ್ನು ಕೂರಿಸದೆ ಕೌದಿ ಮುಗಿಯುವುದಿಲ್ಲ ಎಂದೆ. ಸೂಜಿಗಳೆಲ್ಲ ನಿಂತವು.

"ಇಂಡಿಯಾದಲ್ಲಿ? ನಮ್ಮವರು?" ಹಿರಿಯಾಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಮೂಲೆಯ ತ್ರಿಕೋನಕ್ಕೆ ಏನಂತೀರಿ ನಿಮ್ಮ ಭಾಷೇಲಿ?"

"ಹೂ" ಎಂದೆ.

ಇಂಗ್ಲಿಷಿನ ಕಿವಿಗೆ ಅದು 'ಯಾರು?' ಎಂದಂತೆ ಕೇಳಿಸಿತು. "ಯಾರು ಅಂದ್ರೆ? ನಿನ್ನನ್ನೇ ಕೇಳ್ತಿರೋದು!" "ಹೂ!" "ನೀನು, ಬೇಬಿ, ನೀನೇ!" ಅರ್ಥವಾದ ಮೇಲೆ ನಗು ನಿಲ್ಲಲೇ ಇಲ್ಲ. ಒಬ್ಬಾಕೆ ಮೇಜಿನ ಮೇಲೆ ಬಿದ್ದು ನಕ್ಕಳು. ನನ್ನ ಕೆಂಪು ಇಳಕಲ್ ಸೀರೆಯ ಸೆರಗು ಆ ವಾರವೇ ನಾಲ್ಕು ಹೂವಾಯಿತು.

ಶಿಕಾಗೊಗೆ ಚರ್ಚಿನ ವ್ಯಾನಿನಲ್ಲಿ ಹೊರಟೆವು. ಡ್ರೈವ್ ಮಾಡಲು ನನ್ನ ಗಂಡನನ್ನೇ ಒಪ್ಪಿಸಿದ್ದೆ. ಕಲಮಜೂ ದಾಟುತ್ತಿದ್ದಂತೆ ಹೀಟರ್ ಕೆಟ್ಟಿತು. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ಮೈ ಮರಗಟ್ಟುವ ಚಳಿ.

"ಹೀಟರ್ ಮಾಡೋ ಇಂಜಿನಿಯರ್ ನೀನೇ ತಾನೇ?" ಎಂದರು ಹಿಂದಿನ ಸೀಟಿನಿಂದ ಒಬ್ಬರು.

"ಇದು ನಮ್ಮ ಕಂಪನೀದಲ್ಲ ಮೇಡಂ!" ಎಂದು ನನ್ನ ಗಂಡ ಕೂಗಿದ್ದಕ್ಕೆ ವ್ಯಾನೇ ಅಲುಗಾಡುವಷ್ಟು ನಗು.

ಹಿರಿಯಾಕೆ ಕೌದಿಯ ಪ್ಲಾಸ್ಟಿಕ್ ಕವರ್ ಹರಿದೇಬಿಟ್ಟರು. "ನಾವು ಸೆಟೆದು ಸಾಯ್ಲಿ ಅಂತ ನಮ್ಮಜ್ಜಿಯರು ಹೊಲಿಗೆ ಕಲಿಸಿದ್ರಾ? ಹೊದ್ಕೊಳ್ಳಿ!"

ಹಿಂದೆ ಕೂತಿದ್ದವರೆಲ್ಲ ಒಂದೇ ಕೌದಿಯೊಳಗೆ ಸೇರಿಕೊಂಡೆವು. ಹಾಡು ಶುರುವಾಯಿತು. ನನ್ನ ಸರದಿ ಬಂದಾಗ ಮದುವೆಯ ಸೋಬಾನೆ ಹಾಡಿದೆ, ಅವರು ಚಪ್ಪಾಳೆ ತಟ್ಟಿ ಅದರ ವೇಗ ದುಪ್ಪಟ್ಟು ಮಾಡಿದರು. ಅದೇ ಭರದಲ್ಲಿ ನನ್ನ ಚಿತ್ರಾನ್ನದ ಡಬ್ಬಿ ಮಗುಚಿಕೊಂಡಿತು. ಕೌದಿಯ ನೀಲಿ ಸಮುದ್ರದ ಒಂದು ಮೂಲೆ ಎಣ್ಣೆ ಅರಿಶಿನದಲ್ಲಿ ಹಳದಿಯಾಯಿತು. ನಾನು ಕರ್ಚೀಫಿನಿಂದ ಉಜ್ಜತೊಡಗಿದೆ. ಹಿರಿಯಾಕೆ ಒಂದು ಕಡಲೆಬೀಜ ಹೆಕ್ಕಿ ಬಾಯಿಗೆ ಹಾಕಿಕೊಂಡು, "ರುಚಿಯಾಗಿದೆ" ಎಂದರು.

ಗ್ಯಾಲರಿಯಲ್ಲಿ ಬಿಳಿ ಕೈಗವಸಿನ ಯುವತಿ ಕೌದಿಯನ್ನು ಬಿಡಿಸಿ, ಕಲೆಯ ಹತ್ತಿರ ಬಗ್ಗಿದಳು. "ಈ ಹಳದಿ ಏನನ್ನು ಸೂಚಿಸುತ್ತದೆ?"

ನಾವೆಲ್ಲ ತುಟಿ ಕಚ್ಚಿ ಹಿಡಿದುಕೊಂಡೆವು. ಹಿರಿಯಾಕೆ ಮುಖ ಗಂಭೀರ ಮಾಡಿ, "ಅರಿಶಿನ. ಆಶೀರ್ವಾದ" ಎಂದು ನನ್ನತ್ತ ಕೈತೋರಿದರು.

ಏನೋ ತೊದಲಲು ಹೋದವಳಿಗೆ ಥಟ್ಟನೆ ಅಮ್ಮನ ಬೆರಳು ಕಣ್ಣ ಮುಂದೆ ಬಂತು. ಹೊಸ ಬಟ್ಟೆ ಉಡುವ ಮುನ್ನ ಮೂಲೆಗೆ ಅರಿಶಿನ ಹಚ್ಚದೆ ಅಮ್ಮ ನಮ್ಮ ಕೈಗೆ ಕೊಟ್ಟದ್ದೇ ಇಲ್ಲ. ಅದನ್ನೇ ಹೇಳಿದೆ. ಹೇಳುತ್ತಾ ಕಣ್ಣೊರೆಸಿಕೊಂಡೆ, ಅದರ ನಡುವೆಯೇ ನಗುವೂ ಉಕ್ಕಿತು. ಯುವತಿ ತಲೆದೂಗಿ, ಕೌದಿಯನ್ನು ಹಾಗೇ ತೂಗುಹಾಕಿಸಿದಳು.

ಬಾಗಿಲಾಚೆ ಬಂದದ್ದೇ ತಡ, ನಗೆಯ ಕಟ್ಟೆ ಒಡೆಯಿತು. "ಚಿತ್ರಾನ್ನ ಕಣೇ ಅದು!" ಎಂದರು ನನ್ನ ಗಂಡ.

"ಶಾಸ್ತ್ರಾನೂ ಹೌದಲ್ರಿ!" ಎಂದೆ.

ಹಿರಿಯಾಕೆ ಹಿಮದ ಫುಟ್‌ಪಾತಿನಲ್ಲೇ ನನ್ನ ಗಂಡನ ಎರಡೂ ಕೈ ಹಿಡಿದು ಕುಣಿಸತೊಡಗಿದರು. ನಮ್ಮ ಮದುವೆಯಲ್ಲೂ ಕುಣಿಯದ ಮನುಷ್ಯ, ಮಂಕಿಕ್ಯಾಪ್ ಕಣ್ಣಿನ ಮೇಲೆ ಜಾರಿದ್ದರೂ ಸರಿಮಾಡಿಕೊಳ್ಳದೆ ಗಿರಗಿರ ತಿರುಗುತ್ತಿದ್ದರು. ಸಿಗ್ನಲಿನಲ್ಲಿ ನಿಂತ ಬಸ್ಸಿನ ಡ್ರೈವರ್ ತಾಳಕ್ಕೆ ಸರಿಯಾಗಿ ಹಾರ್ನ್ ಹೊಡೆದ.