ಮೇಲಿನ ಮನೆಯ ಟಿವಿಯಲ್ಲಿ ನಮ್ಮ ಮನೆಯ ಹಾಡು

ಬಿಟ್ಟಿ ಸಿಕ್ಕಿದ್ದನ್ನು ಬೇಡ ಅನ್ನುವ ನಾಲಿಗೆಯನ್ನು ದೇವರು ನನಗೆ ಕೊಟ್ಟಿಲ್ಲ. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬಂದು, ತಮಿಳರ ನಡುವೆ ಮೈಲಾಪೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು ನಾನು. ಕುಕ್ಕರ್ ಕೊಂಡವರು ಮೇಲೊಂದು ಸೌಟು ಬಿಟ್ಟಿ ಕೇಳದೆ ಹೋದರೆ, ಇವರು ಬಾಳುವೆ ಹೇಗೆ ಮಾಡುತ್ತಾರೋ ಎಂದು ನನಗೇ ಚಿಂತೆಯಾಗುತ್ತದೆ. ಹೀಗಿರುವಾಗ, ಮನೆಗೆ ಹೊಸ ಕಂಪ್ಯೂಟರ್ ಜೋಡಿಸಲು ಬಂದವನು "ಶೇರಿಂಗ್ ಆನ್ ಮಾಡಲಾ ಸಾರ್?" ಎಂದರೆ ನಾನೇನು ಹೇಳಿಯೇನು? "ಅದಕ್ಕೆ ಬೇರೆ ದುಡ್ಡು ಇಲ್ಲ ತಾನೇ? ಏನೇನಿದೆಯೋ ಎಲ್ಲಾ ಆನ್ ಮಾಡಪ್ಪಾ" ಅಂದೆ.

ವೈಫೈ ವಿಷಯದಲ್ಲೂ ನನ್ನದೇ ವ್ಯಾಪಾರ. ಮೇಲಿನ ಮನೆಯ ಮಾಮಿಗೂ ನಮಗೂ ಒಂದೇ ಕನೆಕ್ಷನ್, ಬಿಲ್ಲು ಅರ್ಧರ್ಧ. ಇಂಥ ಬುದ್ಧಿ ಎಷ್ಟು ಜನಕ್ಕಿದೆ ಎಂದು ಬೀಗುತ್ತಿದ್ದೆ.

ನನ್ನ ಹೆಂಡತಿ ಶಿವಲೀಲಾ ಬಸವ ಜಯಂತಿಗೆ ಕನ್ನಡ ಸಂಘದಲ್ಲಿ ವಚನ ಹಾಡುವುದೆಂದು ಒಪ್ಪಿಕೊಂಡಿದ್ದಳು. ಮೊದಲ ಸಲ ವೇದಿಕೆ. ನಾನು ಅಂಗಡಿಗೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಹಾಡಿದ್ದನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ತಿದ್ದಿಕೊಳ್ಳುತ್ತಿದ್ದಳು. ನನಗೂ ಕೇಳಿಸಿರಲಿಲ್ಲ.

ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಮಾಮಿ ಅವಳನ್ನು ನಿಲ್ಲಿಸಿ, ತಮಿಳು ಕನ್ನಡ ಕಲಸಿ ಕೇಳಿದರು: "ಶಿವಲೀಲಾ, ನಿನ್ನ ಪಾಟ್ಟು ರೊಂಬ ಚೆನ್ನಾಗಿತ್ತು ಮಾ. ನಡುವೆ ಯಾಕೆ ನಿಲ್ಲಿಸಿಬಿಟ್ಟೆ?" ಅದೇ ವೈಫೈಗೆ ಸೇರಿದ್ದ ಅವರ ಟಿವಿಯಲ್ಲಿ ನಮ್ಮ ಕಂಪ್ಯೂಟರಿನ ಹೆಸರು ಕಾಣಿಸಿತಂತೆ, ಒತ್ತಿದರಂತೆ, ಹಾಡು ಬಂತಂತೆ.

ಶಿವಲೀಲಾ ಮುಖ ಕೆಂಪು ಮಾಡಿಕೊಂಡು ಒಳಗೆ ಬಂದಳು. "ನಾ ಇನ್ನ ಹಾಡೂದಿಲ್ಲ. ಸಂಘದಾಗ ನನ್ನ ಹೆಸರು ತಗಸ್ರಿ."

"ಚಲೋ ಅದ ಅಂದ್ರಲ್ಲ ಮಾಮಿ?"

"ಬಂದವರೆಲ್ಲಾ ಬಡದು ನೋಡಾಕ ನಾ ಏನ್ ನಿಮ್ಮ ಅಂಗಡ್ಯಾಗಿನ ಕೊಡಾನ?"

ಮಾಮಿಯ ವೈಫೈ ಕತ್ತರಿಸಿಬಿಡೋಣ ಎಂದೆ. ಮಗಳು ನಕ್ಕಳು. "ಅಪ್ಪಾ, ಮಾಮಿ ಹ್ಯಾಕ್ ಪಣ್ಣಲೆ, ಏನೂ ಮಾಡಿಲ್ಲ. ನೀವೇ ಕದ ತೆಗೆದಿಟ್ಟಿದ್ದು."

ಆಮೇಲೆ ಅವಳು ಮಾಡಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ನನ್ನ ಸಲಹೆಗೆ ಶುಲ್ಕವಿಲ್ಲ. ಕಂಪ್ಯೂಟರಿನ ಶೇರಿಂಗ್ ಬಂದ್ ಮಾಡಿ. ಅದಕ್ಕೊಂದು ಪಾಸ್‌ವರ್ಡ್ ಇಡಿ, ಮಗಳ ಹೆಸರು ಬೇಡ. ವೈಫೈ ಡಬ್ಬಿಯ ಜೊತೆಗೇ ಬಂದ ಪಾಸ್‌ವರ್ಡನ್ನೂ ಬದಲಾಯಿಸಿ. ಅಪ್‌ಡೇಟ್ ಕೇಳಿದಾಗ ನಾಳೆ ಬಾ ಅನ್ನಬೇಡಿ. ಹಂಚಿಕೊಂಡವರಿಗೆ ಅದೇ ಡಬ್ಬಿಯಲ್ಲಿ 'ಗೆಸ್ಟ್' ಎಂಬ ಬೇರೆ ದಾರಿ ಇರುತ್ತದೆ: ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕೋಣೆ ಸಿಗುವುದಿಲ್ಲ. ಇದೂ ಬಿಟ್ಟಿಯೇ! ನನಗೆ ಸಮಾಧಾನವಾಯಿತು.

ಶಿವಲೀಲಾಗೆ ಆಗಲಿಲ್ಲ. ಕೋಣೆ ಸದ್ದಿಲ್ಲದೆ ಉಳಿಯಿತು. ಸಂಘದವರಿಗೆ ಫೋನ್ ಮಾಡುವುದನ್ನು ನಾನು ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೆ.

ಭಾನುವಾರ ಮಾಮಿಯೇ ಇಳಿದು ಬಂದು ಬಾಗಿಲು ತಟ್ಟಿದರು. "ಟಿವಿಯಲ್ಲಿ ಬರುತ್ತಿಲ್ಲ. ತಪ್ಪು ನನ್ನದು, ಕೇಳದೆ ಕೇಳಿಬಿಟ್ಟೆ. ಈಗ ಕೇಳುತ್ತಿದ್ದೇನೆ. ಆ ನಿಲ್ಲಿಸಿದ್ದು, ಮುಂದೆ ಹೇಗೆ ಹೋಗುತ್ತೆ ಮಾ?"

ಬೀಗ ಹಾಕುವುದು ಯಾರೂ ಬರಬಾರದೆಂದು ಅಂದುಕೊಂಡಿದ್ದೆ. ತಟ್ಟಿ ಬರಲಿ ಎಂದೂ ಹಾಕುತ್ತಾರೆ ಎಂದು ಆಗ ತಿಳಿಯಿತು. ಶಿವಲೀಲಾ ಕೋಣೆಯ ಕದ ತೆರೆದು, "ಒಳಗ ಬರ್ರಿ ಮಾಮಿ" ಅಂದಳು. ನಾನೂ ಹಿಂದೆಯೇ ಹೊರಟೆ.

"ನೀವಲ್ಲ. ನೀವಿದ್ರ ನನಗ ಧ್ವನಿ ಏಳೂದಿಲ್ಲ."

ಕನೆಕ್ಷನ್ ನನ್ನ ಹೆಸರಿನಲ್ಲಿದೆ, ಕಂಪ್ಯೂಟರ್ ನಾನು ಕೊಂಡದ್ದು. ಅನುಮತಿ ಮಾತ್ರ ಮಾಮಿಗೆ. ಚೌಕಾಸಿ ಮಾಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಹಾಡು ನಡುವೆ ನಿಲ್ಲದೆ ಮುಂದಕ್ಕೆ ಹೋಯಿತು.