ದಾಳಿಂಬೆ ಎಲೆಯ ಡಿಎನ್‌ಎ ವರದಿ

“ಡಿಎನ್‌ಎ ಅಂಬೋದೆಲ್ಲ ಮನುಷ್ಯರಿಗೆ ಕಣಮ್ಮ, ಗಿಡಕ್ಕೆಲ್ಲಿಂದ ಬತ್ತದೆ?” ಎಂದು ನರ್ಸರಿ ಮಾಲೀಕ ನಕ್ಕಾಗ ಸಿಟ್ಟಿನಿಂದ ವರದಿಯನ್ನು ಅವನ ಮುಂದೆ ಹಿಡಿದೆ. ಕೆಂಪು ಕಾಳಿನ ಭಗ್ವಾ ತಳಿ ಎಂದು ಹೇಳಿ ಅವನು ಕೊಟ್ಟ ದಾಳಿಂಬೆ ಸಸಿಗಳನ್ನು ಕೊಡಿಗೇನಹಳ್ಳಿಯ ನಮ್ಮ ತೋಟದಲ್ಲಿ ಎರಡೂವರೆ ವರ್ಷ ಸಾಕಿದ್ದೆ. ಮೊದಲ ಹಣ್ಣು ಒಡೆದರೆ ಒಳಗೆಲ್ಲ ಬಿಳಿಚಿಕೊಂಡ ಕಾಳು. ಮಣ್ಣು ಸರಿಯಿಲ್ಲ, ಗೊಬ್ಬರ ಸಾಲದು ಎಂದು ಮೂರು ಸಲ ನನ್ನನ್ನೇ ದೂರಿ ಕಳಿಸಿದ್ದ. ಸಾಕಾಗಿ ಎಲೆಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಅಲ್ಲಿನವರು ಅವುಗಳ ಡಿಎನ್‌ಎಯನ್ನು ಅಸಲಿ ಭಗ್ವಾದ ಜೊತೆ ಹೋಲಿಸಿ ನೋಡಿ, ಇದು ಆ ತಳಿಯೇ ಅಲ್ಲ ಎಂದು ಬರೆದುಕೊಟ್ಟರು.

ಮಾಲೀಕ ಆ ವರದಿಯನ್ನು ಓದದೆಯೇ ಮಡಚಿ ನನ್ನ ಕೈಗಿಟ್ಟು, “ಈ ಸಲ ಅಸ್ಲಿ ಭಗ್ವಾನೇ ಬಂದೈತೆ, ತಗಂಡೋಗಿ” ಅಂದ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲೇ ಪಾವಗಡದ ಕಡೆಯ ರೈತರೊಬ್ಬರು ಅದೇ ಸಸಿಗಳನ್ನು ಆಟೋಗೆ ತುಂಬುತ್ತಿದ್ದರು. ಅವರಿಗೆ ಕೇಳುವಂತೆ ವರದಿಯನ್ನು ಜೋರಾಗಿ ಓದಿದೆ. ಅವರು ಒಂದೊಂದೇ ಸಸಿಯನ್ನು ಕೆಳಗಿಳಿಸಿದರು.

ನನ್ನ ಗಿಡಗಳನ್ನು ಇನ್ನೂ ಕಿತ್ತಿಲ್ಲ. ಸಾಕಿದ ಮೇಲೆ ಅವುಗಳ ಮೇಲೆ ಸಿಟ್ಟೂ ಬರುವುದಿಲ್ಲ. ಸುಳ್ಳು ಹೇಳಿದ್ದು ಅವಲ್ಲವಲ್ಲ.