ಟಿವಿಯಲ್ಲಿ ಹಬ್ಬಿದ ಎಲೆತುಕ್ಕು

ಆ ಕಂಪ್ಯೂಟರು ನಮ್ಮದಾಗಿರಲಿಲ್ಲ. ದೊಡ್ಡಪ್ಪನ ಸ್ನೇಹಿತರೊಬ್ಬರು ಮಸ್ಕತ್ತಿನಿಂದ ತಂದಿದ್ದ ಅದನ್ನು ಮೂಡಿಗೆರೆಯಲ್ಲಿ ಮಾರಲು ನೋಡುತ್ತಿದ್ದರು. ಬೇಕೋ ಬೇಡವೋ ತೀರ್ಮಾನಿಸಿ ಎಂದು ಗೋಣಿಬೀಡಿನ ನಮ್ಮ ಮನೆಗೆ ಕೊಟ್ಟಿದ್ದರು. ಕೀಲಿಮಣೆಯೊಳಗೇ ಎಲ್ಲವೂ ಅಡಗಿದ್ದ ಪುಟ್ಟ ಪೆಟ್ಟಿಗೆ. ಪರದೆಗೆ ಮನೆಯ ಟಿವಿಯೇ ಗತಿ. ದೊಡ್ಡಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಭಾನುವಾರ ಸಂಜೆ ಒಳಗೆ ಇದು ತೋಟಕ್ಕೆ ಎಂತಕ್ಕಾದ್ರೂ ಬರ್ತದೆ ಅಂತ ತೋರ್ಸು. ಇಲ್ದಿದ್ರೆ ಸೋಮವಾರ ಮೊದ್ಲ ಬಸ್ಸಿಗೆ ವಾಪಸ್."

ಕಾಲೇಜಿನಲ್ಲಿ ಇದನ್ನೆಲ್ಲ ಕಲಿಸುವವರಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನೇ ಓದಿ, ತಪ್ಪು ಮಾಡಿ, ಮತ್ತೆ ಓದಿ ಕಲಿತೆ. ಕಾಫಿ ಎಲೆಯೊಂದನ್ನು ಚೌಕುಳಿ ಕಾಗದದ ಮೇಲಿಟ್ಟು ಅಂಚು ಗೀಚಿಕೊಂಡೆ. ಒಂದೊಂದು ಚೌಕಕ್ಕೂ ಒಂದು ಅಂಕಿ: ಆರೋಗ್ಯವಾಗಿದ್ದರೆ ಸೊನ್ನೆ, ಎಲೆತುಕ್ಕು ರೋಗ ಹಿಡಿದಿದ್ದರೆ ಒಂದು. ಕಂಪ್ಯೂಟರು ಎಲೆಯ ಚೌಕಗಳನ್ನೆಲ್ಲ ಸಾಲಾಗಿ ನೋಡಬೇಕು. ಪಕ್ಕದ ಚೌಕಕ್ಕೆ ತುಕ್ಕಿದ್ದರೆ ಇದಕ್ಕೂ ಹಚ್ಚಬೇಕು. ಎಲೆಯನ್ನು ಟಿವಿಯಲ್ಲಿ ತೋರಿಸಬೇಕು. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹೀಗೆ ಸುತ್ತುವುದಕ್ಕೆ ಲೂಪ್ ಎನ್ನುತ್ತಾರೆ ಎಂದು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಭಾನುವಾರ ಬೆಳಿಗ್ಗೆ ನಡೆಸಿ ನೋಡಿದೆ. ಎಲೆ ಬಂತು, ನಡುವೆ ಒಂದು ಮಚ್ಚೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಮಚ್ಚೆಯಿಂದ ಬಲಕ್ಕೆ, ಕೆಳಕ್ಕೆ ಎಲೆ ಪೂರಾ ಕಪ್ಪು.

ದೊಡ್ಡಪ್ಪ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. "ಇದು ತುಕ್ಕಾ ಬೆಂಕಿಯಾ ಮಾರಾಯ? ತುಕ್ಕು ಸುತ್ತ ಹಬ್ತದೆ. ನಿಂದು ಬಲಕ್ಕೆ, ಕೆಳಕ್ಕೆ ಮಾತ್ರ ಓಡ್ತದಲ್ಲ?"

"ತಂತಿ ಸರಿ ಕೂತಿಲ್ಲ ಅನ್ಸುತ್ತೆ ದೊಡ್ಡಪ್ಪ."

ಒಳಗಿಂದ ದೊಡ್ಡಮ್ಮ ಅಂದರು: "ತೋಟಕ್ಕೆ ಹಿಡ್ದಿದ್ದು ಸಾಕಾಗಿಲ್ಲ ಅಂತ ಟಿವಿಗೂ ತುಕ್ಕು ಹಿಡಿಸ್ದ ನೋಡಿ."

ತಂತಿ ಕಿತ್ತು ಸಿಕ್ಕಿಸಿದೆ. ಟಿವಿಯ ತಿರುಪುಗಳನ್ನೆಲ್ಲ ತಿರುಗಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಲೂಪಿನ ಒಳಗೇ ಒಂದು ತಡೆ ಹಾಕಿದೆ: ಒಂದು ಚೌಕ ಮುಗಿದ ಮೇಲೆ ನಾನು ಕೀಲಿ ಒತ್ತಿದರೆ ಮಾತ್ರ ಮುಂದಿನದು. ಒತ್ತುತ್ತ ಹೋದೆ. ಮಚ್ಚೆಯ ಬಲಗಡೆಯ ಚೌಕಕ್ಕೆ ತುಕ್ಕು ಬಂತು, ಸರಿ. ಅದರಾಚೆಯದು ತನ್ನ ಎಡಕ್ಕೆ ನೋಡಿತು. ಅಲ್ಲಿ ಈಗಷ್ಟೇ ಬಂದ ತುಕ್ಕು ಕಂಡು ತಾನೂ ಹಿಡಿಸಿಕೊಂಡಿತು. ಮುಂದಿನದೂ, ಕೆಳಗಿನ ಸಾಲಿನದೂ ಹಾಗೆಯೇ. ಟಿವಿಯದು ತಪ್ಪಿರಲಿಲ್ಲ. ತಿಂಗಳುಗಟ್ಟಲೆ ಹಬ್ಬಬೇಕಾದ ರೋಗ ಒಂದೇ ಸುತ್ತಿನಲ್ಲಿ ಸಾಲುದ್ದಕ್ಕೂ ಓಡುತ್ತಿತ್ತು.

ನಾನು ಲೂಪ್ ಬರೆದದ್ದು ತೋಟದ ಕೆಲಸದ ರೀತಿಯಲ್ಲೇ. ಚಿಗುರು ತೆಗೆಯುವುದಿರಲಿ, ಗೊಬ್ಬರ ಹಾಕುವುದಿರಲಿ, ಗಿಡದ ಹತ್ತಿರ ಬಂದೆಯೋ, ಅದನ್ನು ಮುಗಿಸಿಯೇ ಮುಂದಿನ ಗಿಡ. ಆದರೆ ಕಾಂಡಕೊರಕ ಹುಳು ಹುಡುಕುವ ಟ್ರೇಸಿಂಗ್ ಮಾತ್ರ ಹಾಗಲ್ಲ. ಆಗ ಮೊದಲ ತಂಡ ಹುಳು ಬಿದ್ದ ಗಿಡಗಳಿಗೆ ಬರೀ ಗುರುತು ಹಾಕಿಕೊಂಡು ಹೋಗುತ್ತದೆ, ಯಾವುದನ್ನೂ ಕೀಳುವುದಿಲ್ಲ. ತೋಟದ ಆ ಭಾಗವೆಲ್ಲ ನೋಡಿ ಮುಗಿದ ಮೇಲೆ ಕೀಳುವವರು ಬರುತ್ತಾರೆ. ನನ್ನ ಎಲೆಗೆ ಬೇಕಾಗಿದ್ದದ್ದೂ ಅದೇ. ಕಂಪ್ಯೂಟರಿನ ನೆನಪಿನಲ್ಲಿ ಎರಡನೇ ಎಲೆಯೊಂದನ್ನು ಇಟ್ಟೆ. ಹಳೆಯ ಎಲೆಯನ್ನು ನೋಡುವುದು, ಗುರುತನ್ನು ಹೊಸದರಲ್ಲಿ ಹಾಕುವುದು. ಎಲೆ ಪೂರ್ತಿ ಮುಗಿದ ಮೇಲೆ ಹೊಸದನ್ನು ಹಳೆಯದರ ಜಾಗಕ್ಕೆ ತಂದು ಆಮೇಲೆ ಟಿವಿಗೆ.

ಸಂಜೆ ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು. ಲೂಪ್ ತೀರಾ ನಿಧಾನ. ಸುತ್ತಿಗೂ ಸುತ್ತಿಗೂ ನಡುವೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಮಚ್ಚೆ ನಾಲ್ಕೂ ಕಡೆ ಸಮನಾಗಿ ಬೆಳೆಯಿತು. ಅರ್ಧ ಎಲೆ ಕಪ್ಪಾದಾಗ ಅವರು ಮುಂದೆ ಬಾಗಿದರು.

"ಬೋರ್ಡೋ ಔಷಧಿ ಹೊಡ್ದಿದ್ರೆ ಇಷ್ಟು ಹಬ್ತಿರ್ಲಿಲ್ಲ. ಅದೆಲ್ಲಿ ಇದ್ರಲ್ಲಿ?"

"ಅದನ್ನ ಇನ್ನೂ ಹಾಕಿಲ್ಲ ದೊಡ್ಡಪ್ಪ."

"ಹಾಕು. ಮಳೆಗೆ ಮುಂಚೆ ಹೊಡ್ದ್ರೆ ಹೆಂಗೆ, ತಡ ಆದ್ರೆ ಹೆಂಗೆ, ಎರಡೂ ಕಾಣ್ಬೇಕು."

"ನಾಳೆ ಬೆಳಿಗ್ಗೆ ಒಳಗೆ ಆಗಲ್ಲ."

"ನಾಳೆ ಯಾರು ಕೇಳಿದ್ರು? ಮಳೆಗಾಲದೊಳಗೆ ಮಾಡು." ಎದ್ದು ಹೋಗುತ್ತ ಒಳಗೆ ಕೂಗಿ ಹೇಳಿದರು: "ಮಸ್ಕತ್ತಿನವರಿಗೆ ಹೇಳಿ ಕಳ್ಸ್ತೀನಿ, ಪೆಟ್ಟಿಗೆ ಇಲ್ಲೇ ಇರ್ತದೆ ಅಂತ."